ಕ್ಯಾಂಪಸ್ ಕಾವಲಿಗೆ ಬಂದೂಕು: ಪರವಾನಗಿ ಯಾರಿಗೆ? ನಿಯಮ ಏನು?

ಕೋಲಾರ: ಕಾಲೇಜಿನ ಹೆಬ್ಬಾಗಿಲಲ್ಲಿ ಹೆಗಲಿಗೆ ಜೋಡುನಳಿಗೆ ಬಂದೂಕು ಏರಿಸಿ ನಿಂತ ಕಾವಲುಗಾರನನ್ನು ಕಂಡಾಗ ಪೋಷಕರಿಗೆ ಒಂದು ಬಗೆಯ ನೆಮ್ಮದಿ ಉಂಟಾಗುವುದು ಸಹಜ. ಆದರೆ ಆ ಬಂದೂಕು ಯಾರ ಹೆಸರಿನಲ್ಲಿದೆ? ಅದನ್ನು ವಿದ್ಯಾಸಂಸ್ಥೆಯ ಆವರಣದೊಳಕ್ಕೆ ತರಲು ಅನುಮತಿ ನೀಡಿದವರು ಯಾರು? ಈ ಎರಡು ಪ್ರಶ್ನೆಗಳಿಗೆ ಲಿಖಿತ ಉತ್ತರವಿಲ್ಲದಿದ್ದರೆ ಕಾವಲುಗಾರ ಮಾತ್ರವಲ್ಲ, ಆತನನ್ನು ನೇಮಿಸಿದ ಆಡಳಿತ ಮಂಡಳಿಯೂ ಕಾನೂನಿನ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ.

ಕೋಲಾರ, ಮಾಲೂರು, ಮುಳಬಾಗಿಲು ಹಾಗೂ ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಕಳೆದ ಎರಡು ದಶಕಗಳಲ್ಲಿ ವಿದ್ಯಾಸಂಸ್ಥೆಗಳು ಊರ ಹೊರವಲಯಕ್ಕೆ ವಿಸ್ತರಿಸಿವೆ. ಟಮಕದಲ್ಲಿ ವೈದ್ಯಕೀಯ ಕಾಲೇಜು, ಬೋಧನಾ ಆಸ್ಪತ್ರೆ ಹಾಗೂ ತೋಟಗಾರಿಕೆ ಕಾಲೇಜುಗಳಿವೆ. 2017ರಲ್ಲಿ ಅಸ್ತಿತ್ವಕ್ಕೆ ಬಂದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವೂ ಅಲ್ಲಿಂದಲೇ ಕಾರ್ಯಾರಂಭ ಮಾಡಿತು. ವಿದ್ಯಾರ್ಥಿನಿಲಯ, ಪ್ರಯೋಗಾಲಯ, ರಾತ್ರಿ ಪಾಳಿಯ ಆಸ್ಪತ್ರೆ ಇರುವ ಕಡೆಗಳಲ್ಲಿ ಕಾವಲಿನ ಅಗತ್ಯ ಪ್ರಶ್ನಾತೀತ. ಆ ಕಾವಲಿಗೆ ಬಂದೂಕು ಬೇಕೇ, ಬೇಕಾದರೆ ಹೇಗೆ ಎಂಬುದನ್ನು ಕುರಿತ ಸಮಗ್ರ ಮಾಹಿತಿ ಇಲ್ಲಿದೆ.

ಚರ್ಚೆಯ ಹಿನ್ನೆಲೆ

2005ರ ಡಿಸೆಂಬರ್ 28ರ ಸಂಜೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ನಡೆದ ಭಯೋತ್ಪಾದಕ ದಾಳಿಯಲ್ಲಿ, ಸಮ್ಮೇಳನಕ್ಕೆಂದು ಬಂದಿದ್ದ ದೆಹಲಿ ಐಐಟಿಯ ಪ್ರಾಧ್ಯಾಪಕ ಎಂ.ಸಿ. ಪುರಿ ಗುಂಡಿಗೆ ಬಲಿಯಾದರು. ವಿದ್ಯಾಸಂಸ್ಥೆಗಳ ಗೇಟು ಎಷ್ಟು ಸಡಿಲ ಎಂಬ ಪ್ರಶ್ನೆಯನ್ನು ರಾಜ್ಯ ಮೊದಲ ಬಾರಿಗೆ ಗಂಭೀರವಾಗಿ ಕೇಳಿಕೊಂಡದ್ದು ಆಗ. 2014ರ ಡಿಸೆಂಬರ್ 16ರಂದು ಪಾಕಿಸ್ತಾನದ ಪೇಶಾವರದ ಸೇನಾ ಶಾಲೆಯಲ್ಲಿ ಮಕ್ಕಳ ಹತ್ಯಾಕಾಂಡ ನಡೆದ ಬಳಿಕ ನಮ್ಮ ದೇಶದಲ್ಲೂ ಶಾಲಾ ಭದ್ರತೆಯ ಕುರಿತು ಸೂಚನೆಗಳು ಹೊರಟವು.

ಇದಾದ ಕೆಲವೇ ತಿಂಗಳಿಗೆ, 2015ರ ಮಾರ್ಚ್ 31ರ ರಾತ್ರಿ, ಬೆಂಗಳೂರಿನ ಕಾಡುಗೋಡಿಯ ಖಾಸಗಿ ವಿದ್ಯಾಸಂಸ್ಥೆಯೊಂದರ ವಿದ್ಯಾರ್ಥಿನಿಲಯದಲ್ಲಿ ಪದವಿಪೂರ್ವ ವಿದ್ಯಾರ್ಥಿನಿಯೊಬ್ಬಳು ಗುಂಡೇಟಿಗೆ ಬಲಿಯಾದಳು. ಗುಂಡು ಹಾರಿಸಿದ ಆರೋಪ ಬಂದದ್ದು ಹೊರಗಿನವನ ಮೇಲಲ್ಲ. ಅದೇ ಸಂಸ್ಥೆಯ ನೌಕರನ ಮೇಲೆ. ಈ ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಸಮಸ್ಯೆಯ ಎರಡೂ ಮುಖಗಳು ಕಾಣುತ್ತವೆ. ಹೊರಗಿನ ಬಂದೂಕನ್ನು ತಡೆಯುವುದು ಎಷ್ಟು ಮುಖ್ಯವೋ, ಒಳಗಿರುವ ಬಂದೂಕಿನ ಮೇಲೆ ಹತೋಟಿ ಇರಿಸುವುದೂ ಅಷ್ಟೇ ಮುಖ್ಯ.

ಯುಜಿಸಿ ಹೇಳಿದ್ದೇನು?

ವಿಶ್ವವಿದ್ಯಾಲಯ ಧನಸಹಾಯ ಆಯೋಗ 2015ರಲ್ಲಿ ವಿದ್ಯಾರ್ಥಿಗಳ ಸುರಕ್ಷತೆ ಕುರಿತು ಮಾರ್ಗಸೂಚಿ ಹೊರಡಿಸಿತು. ವಿದ್ಯಾರ್ಥಿನಿಲಯಗಳ ಪ್ರವೇಶದ್ವಾರಗಳು ಮೂರಕ್ಕೆ ಮೀರಬಾರದು, ಅಲ್ಲಿ ಕನಿಷ್ಠ ಮೂವರು ಕಾವಲುಗಾರರು ಸಾಕಷ್ಟು ಸಜ್ಜಾಗಿ, ಶಸ್ತ್ರಸಹಿತರಾಗಿ ಇರಬೇಕು, ಸಿಸಿಟಿವಿ ಕ್ಯಾಮೆರಾ ಹಾಗೂ ಸಂದರ್ಶಕರ ದಾಖಲೆ ಪುಸ್ತಕ ಇರಬೇಕು, ಕನಿಷ್ಠ ಒಬ್ಬ ಮಹಿಳಾ ಭದ್ರತಾ ಸಿಬ್ಬಂದಿ ಇರಬೇಕು ಎಂಬುದು ಅದರ ಸಾರ.

ಹಲವು ಆಡಳಿತ ಮಂಡಳಿಗಳು ಎಡವುವುದು ಇಲ್ಲಿಯೇ. ಆಯೋಗದ ಮಾರ್ಗಸೂಚಿಯು ಬಂದೂಕಿನ ಪರವಾನಗಿ ಅಲ್ಲ. ಶಸ್ತ್ರಾಸ್ತ್ರಗಳು ಕೇಂದ್ರ ಸರ್ಕಾರದ 1959ರ ಶಸ್ತ್ರಾಸ್ತ್ರ ಕಾಯ್ದೆ ಹಾಗೂ 2016ರ ಶಸ್ತ್ರಾಸ್ತ್ರ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ಶಿಕ್ಷಣ ಇಲಾಖೆಯಾಗಲೀ ವಿಶ್ವವಿದ್ಯಾಲಯವಾಗಲೀ ಬಂದೂಕು ಇರಿಸಿಕೊಳ್ಳಲು ಅನುಮತಿ ಕೊಡುವ ಅಧಿಕಾರ ಹೊಂದಿಲ್ಲ.

ಗೇಟಿನಲ್ಲೇ ತಡೆಯುವ ಷರತ್ತು

ಇನ್ನೂ ಮಹತ್ವದ ಅಂಶವೊಂದಿದೆ. ವೈಯಕ್ತಿಕ ಬಂದೂಕು ಪರವಾನಗಿಗೆ 1962ರ ನಿಯಮಗಳ ಕಾಲದಿಂದಲೂ ಒಂದು ಷರತ್ತು ಅಂಟಿಕೊಂಡು ಬಂದಿದೆ. ಜಿಲ್ಲಾ ದಂಡಾಧಿಕಾರಿಯ ವಿಶೇಷ ಅನುಮತಿ ಇಲ್ಲದೆ ಪರವಾನಗಿದಾರನು ತನ್ನ ಆಯುಧವನ್ನು ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆಗಳಿಗೆ ಅಥವಾ ಯಾವುದೇ ವಿದ್ಯಾಸಂಸ್ಥೆಯ ಆವರಣದೊಳಗೆ ಒಯ್ಯುವಂತಿಲ್ಲ ಎಂಬುದೇ ಆ ಷರತ್ತು.

ಅಂದರೆ, ಆತ್ಮರಕ್ಷಣೆಗೆಂದು ಸಿಂಧು ಪರವಾನಗಿ ಪಡೆದ ವ್ಯಕ್ತಿಯೂ ತನ್ನ ಬಂದೂಕಿನೊಂದಿಗೆ ಕಾಲೇಜಿನ ಗೇಟು ದಾಟಿದರೆ ಷರತ್ತು ಉಲ್ಲಂಘಿಸಿದಂತೆ. ಬ್ಯಾಂಕಿನ ಮುಂದೆ ನಿಲ್ಲುವ ಕಾವಲುಗಾರನಿಗೂ ಕಾಲೇಜಿನ ಮುಂದೆ ನಿಲ್ಲುವ ಕಾವಲುಗಾರನಿಗೂ ಕಾನೂನಿನ ದೃಷ್ಟಿಯಲ್ಲಿರುವ ದೊಡ್ಡ ವ್ಯತ್ಯಾಸ ಇದು. ಕ್ಯಾಂಪಸ್ ಕಾವಲಿಗೆ ಬಂದೂಕು ಬೇಕೆನ್ನುವವರು ಪರವಾನಗಿ ಪಡೆದರಷ್ಟೇ ಸಾಲದು. ಆವರಣದೊಳಗೆ ಅದನ್ನು ಧರಿಸಲು ಜಿಲ್ಲಾಧಿಕಾರಿಗಳಿಂದ ಸ್ಪಷ್ಟ ಲಿಖಿತ ಅನುಮತಿಯನ್ನೂ ಪಡೆದಿರಬೇಕು.

ಅರ್ಜಿ ಯಾರಿಗೆ?

ಪೊಲೀಸ್ ಕಮಿಷನರೇಟ್ ಇರುವ ಬೆಂಗಳೂರಿನಂಥ ನಗರಗಳಲ್ಲಿ ಪೊಲೀಸ್ ಆಯುಕ್ತರು ಪರವಾನಗಿ ಪ್ರಾಧಿಕಾರ. ಉಳಿದ ಜಿಲ್ಲೆಗಳಲ್ಲಿ ಜಿಲ್ಲಾ ದಂಡಾಧಿಕಾರಿಯೂ ಆಗಿರುವ ಜಿಲ್ಲಾಧಿಕಾರಿಗೆ ಆ ಅಧಿಕಾರವಿದೆ. ಕೋಲಾರ ಜಿಲ್ಲೆಯಲ್ಲಿ ಒಂದು ವಿಶೇಷವಿದೆ. ಕಂದಾಯ ಜಿಲ್ಲೆ ಒಂದೇ ಆದರೂ ಪೊಲೀಸ್ ಜಿಲ್ಲೆಗಳು ಎರಡು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳು ಕೋಲಾರ ಎಸ್ಪಿ ವ್ಯಾಪ್ತಿಗೆ ಬಂದರೆ, ಬಂಗಾರಪೇಟೆ ಮತ್ತು ಕೆಜಿಎಫ್ ಭಾಗಗಳು ಕೆಜಿಎಫ್ ಎಸ್ಪಿ ವ್ಯಾಪ್ತಿಗೆ ಸೇರುತ್ತವೆ. ಹೀಗಾಗಿ ಅರ್ಜಿ ಕೋಲಾರದ ಜಿಲ್ಲಾಧಿಕಾರಿಗೇ ಸಲ್ಲಿಕೆಯಾದರೂ, ಪೊಲೀಸ್ ವರದಿ ಯಾವ ಎಸ್ಪಿ ಕಚೇರಿಯಿಂದ ಬರಬೇಕು ಎಂಬುದು ತಾಲ್ಲೂಕನ್ನು ಅವಲಂಬಿಸಿದೆ.

9 ಎಂಎಂ ಪಿಸ್ತೂಲು, ಸ್ವಯಂಚಾಲಿತ ಬಂದೂಕು ಮೊದಲಾದವು ನಿಷೇಧಿತ ವರ್ಗಕ್ಕೆ ಸೇರಿದ್ದು, ಅವುಗಳಿಗೆ ಪರವಾನಗಿ ನೀಡುವ ಅಧಿಕಾರ ಜಿಲ್ಲಾಧಿಕಾರಿಗೆ ಇಲ್ಲ. ಅದು ಕೇಂದ್ರ ಗೃಹ ಇಲಾಖೆಯ ವಿಷಯ. ಜಿಲ್ಲೆಯಲ್ಲಿ ಸಿಗುವುದು 12 ಬೋರ್ ಬಂದೂಕು, .32 ರಿವಾಲ್ವರ್ ಮುಂತಾದ ನಿಷೇಧೇತರ ವರ್ಗದ ಆಯುಧಗಳಿಗೆ ಮಾತ್ರ. ಕಾವಲು ಕೆಲಸದಲ್ಲಿ ಸಾಮಾನ್ಯವಾಗಿ ಕಾಣುವುದು 12 ಬೋರಿನ ಒಂಟಿನಳಿಗೆ ಇಲ್ಲವೇ ಜೋಡುನಳಿಗೆ ಬಂದೂಕು.

ಅರ್ಹತೆ ಏನು?

ಶಸ್ತ್ರಾಸ್ತ್ರ ಕಾಯ್ದೆಯ 9ನೇ ಕಲಂ ಪ್ರಕಾರ 21 ವರ್ಷ ತುಂಬದವರಿಗೆ ಬಂದೂಕು ಪರವಾನಗಿ ಇಲ್ಲ. ಹಿಂಸೆ ಅಥವಾ ನೈತಿಕ ಅಧಃಪತನಕ್ಕೆ ಸಂಬಂಧಿಸಿದ ಅಪರಾಧದಲ್ಲಿ ಶಿಕ್ಷೆ ಅನುಭವಿಸಿದವರು, ಶಿಕ್ಷೆ ಮುಗಿದ ಬಳಿಕ 5 ವರ್ಷಗಳವರೆಗೆ ಆಯುಧ ಹೊಂದುವಂತಿಲ್ಲ. ಶಾಂತಿಪಾಲನೆ ಅಥವಾ ಸದ್ವರ್ತನೆಯ ಮುಚ್ಚಳಿಕೆ ಬರೆದುಕೊಟ್ಟವರಿಗೆ ಆ ಅವಧಿ ಮುಗಿಯುವವರೆಗೆ ನಿರ್ಬಂಧವಿದೆ. ಮಾನಸಿಕ ಅಸ್ವಾಸ್ಥ್ಯ ಇರುವವರಿಗೆ ಪರವಾನಗಿ ನಿರಾಕರಿಸಲು 14ನೇ ಕಲಂ ಅವಕಾಶ ಕೊಡುತ್ತದೆ.

ಬಡ ಕಾವಲುಗಾರರು ತಿಳಿದಿರಬೇಕಾದ ಅಂಶವೊಂದು ಇದೇ 14ನೇ ಕಲಂನಲ್ಲಿದೆ. ಅರ್ಜಿದಾರನಿಗೆ ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಪರವಾನಗಿ ನಿರಾಕರಿಸುವಂತಿಲ್ಲ. ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು. 18ನೇ ಕಲಂ ಪ್ರಕಾರ ಮೇಲ್ಮನವಿಗೂ ಅವಕಾಶವಿದೆ.

ಅರ್ಜಿಯ ಹಾದಿ

ಗೊತ್ತುಪಡಿಸಿದ ನಮೂನೆಯಲ್ಲಿ ಅರ್ಜಿಯೊಂದಿಗೆ ಗುರುತು, ವಿಳಾಸ ಹಾಗೂ ಜನ್ಮದಿನಾಂಕದ ದಾಖಲೆ, ಭಾವಚಿತ್ರ, ದೈಹಿಕ ಮತ್ತು ಮಾನಸಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ, ಆಯುಧವನ್ನು ಸುರಕ್ಷಿತವಾಗಿ ಇರಿಸುವುದಾಗಿ ಮುಚ್ಚಳಿಕೆ ಸಲ್ಲಿಸಬೇಕು. 2016ರ ನಿಯಮಗಳು ಬಂದೂಕು ನಿರ್ವಹಣೆಯ ಸುರಕ್ಷತಾ ತರಬೇತಿಗೂ ಮಹತ್ವ ನೀಡಿವೆ. ಬಂದೂಕನ್ನು ತುಂಬುವುದು, ಬರಿದು ಮಾಡುವುದು, ಸಾಗಿಸುವುದು, ಬೀಗದಲ್ಲಿ ಇರಿಸುವುದು ಇದರಲ್ಲಿ ಸೇರಿವೆ.

ಅರ್ಜಿ ಸ್ವೀಕರಿಸಿದ ಪ್ರಾಧಿಕಾರ ಸಮೀಪದ ಪೊಲೀಸ್ ಠಾಣೆಯಿಂದ ವರದಿ ತರಿಸಿಕೊಳ್ಳುತ್ತದೆ. ಅರ್ಜಿದಾರನ ನಡತೆ, ಆತನ ಮೇಲಿನ ಮೊಕದ್ದಮೆಗಳು, ಬೆದರಿಕೆ ನಿಜವೇ ಎಂಬುದನ್ನು ಠಾಣಾಧಿಕಾರಿ ಪರಿಶೀಲಿಸುತ್ತಾರೆ. ಮಂಜೂರಾದ ಪರವಾನಗಿಯ ವಿವರ ರಾಷ್ಟ್ರೀಯ ದತ್ತಾಂಶದಲ್ಲಿ ದಾಖಲಾಗಿ ಪ್ರತಿ ಪರವಾನಗಿದಾರನಿಗೆ ವಿಶಿಷ್ಟ ಗುರುತಿನ ಸಂಖ್ಯೆ ದೊರೆಯುತ್ತದೆ. ಕಾವಲುಗಾರನ ಬಳಿ ಇರುವ ಪರವಾನಗಿಯಲ್ಲಿ ಈ ಸಂಖ್ಯೆ ಇದೆಯೇ ಎಂದು ನೋಡುವುದು ನಕಲಿ ಪರವಾನಗಿ ಪತ್ತೆಗೆ ಮೊದಲ ಹೆಜ್ಜೆ.

2019ರ ತಿದ್ದುಪಡಿಯ ಬಳಿಕ ಪರವಾನಗಿಯ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ವ್ಯಕ್ತಿಯೊಬ್ಬ ಹೊಂದಬಹುದಾದ ಬಂದೂಕುಗಳ ಸಂಖ್ಯೆ 3ರಿಂದ 2ಕ್ಕೆ ಇಳಿದಿದೆ.

ಬಂದೂಕು ಯಾರ ಹೆಸರಿನಲ್ಲಿ?

ಕಾವಲಿನ ಬಂದೂಕಿಗೆ ವಾಡಿಕೆಯಲ್ಲಿ ಮೂರು ದಾರಿಗಳಿವೆ.

ಮೊದಲನೆಯದು, ಕಾವಲುಗಾರನ ಸ್ವಂತ ಬಂದೂಕು. ನಿವೃತ್ತ ಸೈನಿಕನೊಬ್ಬ ತನ್ನದೇ ಬಂದೂಕಿನೊಂದಿಗೆ ಕೆಲಸಕ್ಕೆ ಸೇರುವುದು ಆಡಳಿತ ಮಂಡಳಿಗೆ ಅಗ್ಗವಾಗಿ ಕಾಣುತ್ತದೆ. ಆದರೆ ಆತ ಪರವಾನಗಿ ಪಡೆದದ್ದು ತನ್ನ ರಕ್ಷಣೆಗೆ, ಕಾಲೇಜಿನ ರಕ್ಷಣೆಗಲ್ಲ. ಮೇಲೆ ಹೇಳಿದ ಆವರಣದ ಷರತ್ತು ಆತನಿಗೂ ಅನ್ವಯ. ಅತಿ ಹೆಚ್ಚು ಅಪಾಯವಿರುವ ದಾರಿ ಇದು.

ಎರಡನೆಯದು, ಸಂಸ್ಥೆಯ ಹೆಸರಿನ ಪರವಾನಗಿ. ಬ್ಯಾಂಕುಗಳು ಅನುಸರಿಸುವ ಕ್ರಮ ಇದೇ. ಬಂದೂಕಿನ ಒಡೆತನ ಸಂಸ್ಥೆಯದು. ಅದನ್ನು ಧರಿಸುವ ಕಾವಲುಗಾರನ ಹೆಸರನ್ನು 'ರಿಟೇನರ್' ಎಂದು ಪರವಾನಗಿಯಲ್ಲಿ ನಮೂದಿಸಲಾಗುತ್ತದೆ. ಕಾವಲುಗಾರ ಬದಲಾದಾಗಲೆಲ್ಲ ಹೆಸರನ್ನೂ ಬದಲಿಸಿಕೊಳ್ಳಬೇಕು. ಹಳೆಯ ಕಾವಲುಗಾರ ಕೆಲಸ ಬಿಟ್ಟು ಹೊಸಬ ಅದೇ ಬಂದೂಕು ಹಿಡಿದರೆ ಹೊಸಬನ ಕೈಯಲ್ಲಿರುವುದು ಪರವಾನಗಿ ಇಲ್ಲದ ಬಂದೂಕು.

ಮೂರನೆಯದು, ಖಾಸಗಿ ಭದ್ರತಾ ಏಜೆನ್ಸಿಯ ಮೂಲಕ ಸಶಸ್ತ್ರ ಕಾವಲು. ಇಲ್ಲಿ ಏಜೆನ್ಸಿಯ ಪರವಾನಗಿ ಬೇರೆ, ಬಂದೂಕಿನ ಪರವಾನಗಿ ಬೇರೆ. ಒಂದನ್ನು ತೋರಿಸಿ ಇನ್ನೊಂದು ಇದೆ ಎಂದು ನಂಬಿಸಲು ಬರುವುದಿಲ್ಲ.

ಗ್ರಾಮೀಣ ಭಾಗದಲ್ಲಿ ನಾಲ್ಕನೆಯ ದಾರಿಯೊಂದು ಇಣುಕುವ ಸಾಧ್ಯತೆ ಇದೆ. ಕಾಡುಹಂದಿಗಳಿಂದ ಬೆಳೆ ಕಾಪಾಡಲು ರೈತರಿಗೆ ನೀಡುವ ಬೆಳೆ ರಕ್ಷಣೆಯ ಪರವಾನಗಿಯ ಬಂದೂಕನ್ನು ಹಿಡಿದು ಕಾಲೇಜಿನ ರಾತ್ರಿ ಕಾವಲಿಗೆ ಬರುವುದು ಸರ್ವಥಾ ಸಲ್ಲದು. ಹೊಲ, ತೋಪಿನ ಕಾವಲಿಗೆ ಕೊಟ್ಟ ಅನುಮತಿ ಅಲ್ಲಿಗೇ ಸೀಮಿತ. ಹಾಗೆಯೇ, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪಾರಂಪರಿಕ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ 10 ವರ್ಷಗಳಿಗೆ ವಿಸ್ತರಿಸಿದೆಯಾದರೂ, ಅದು ಸಂಸ್ಥೆಯೊಂದರ ಕಾವಲಿಗೆಂದು ನೀಡಿದ ಅನುಮತಿಯಲ್ಲ.

ಏಜೆನ್ಸಿಗಳಿಗೆ ಪ್ರತ್ಯೇಕ ಕಾಯ್ದೆ

2005ರ ಖಾಸಗಿ ಭದ್ರತಾ ಏಜೆನ್ಸಿಗಳ (ನಿಯಂತ್ರಣ) ಕಾಯ್ದೆಯು 2006ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ಇದರನ್ವಯ ರಾಜ್ಯದ ನಿಯಂತ್ರಣ ಪ್ರಾಧಿಕಾರದ ಪರವಾನಗಿ ಇಲ್ಲದೆ ಯಾರೂ ಕಾವಲುಗಾರರನ್ನು ಒದಗಿಸುವ ವ್ಯವಹಾರ ನಡೆಸುವಂತಿಲ್ಲ. ನಡೆಸಿದರೆ 1 ವರ್ಷದವರೆಗೆ ಸೆರೆವಾಸ ಅಥವಾ 25,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು.

ಏಜೆನ್ಸಿಯ ಕಾವಲುಗಾರನಿಗೆ 18 ವರ್ಷ ತುಂಬಿರಬೇಕು, 65 ಮೀರಿರಬಾರದು. ಪೂರ್ವಾಪರ ಪರಿಶೀಲನೆ ಆಗಿರಬೇಕು. ಗಮನಿಸಬೇಕಾದ ಸಂಗತಿಯೆಂದರೆ 18ರಿಂದ 21 ವರ್ಷದೊಳಗಿನ ಯುವಕ ಕಾವಲುಗಾರನಾಗಬಹುದು. ಆದರೆ ಬಂದೂಕುಧಾರಿ ಆಗುವಂತಿಲ್ಲ.

ಕೇಂದ್ರದ ಮಾದರಿ ನಿಯಮಗಳು ಕನಿಷ್ಠ 20 ಕೆಲಸದ ದಿನಗಳಲ್ಲಿ 100 ಗಂಟೆ ತರಗತಿ ಹಾಗೂ 60 ಗಂಟೆ ಕ್ಷೇತ್ರ ತರಬೇತಿ ನಿಗದಿಪಡಿಸಿವೆ. ಮಾಜಿ ಸೈನಿಕರು ಮತ್ತು ಮಾಜಿ ಪೊಲೀಸರಿಗೆ 40 ಗಂಟೆ ತರಗತಿ, 16 ಗಂಟೆ ಕ್ಷೇತ್ರ ತರಬೇತಿ ಸಾಕು. ಕಾಯ್ದೆಯು ನೇಮಕದಲ್ಲಿ ಇವರಿಗೆ ಆದ್ಯತೆಯನ್ನೂ ನೀಡಿದೆ. ಆದರೆ ಸೇನೆಯ ಬಿಡುಗಡೆ ಪುಸ್ತಕ ಬಂದೂಕಿನ ಪರವಾನಗಿಗೆ ಬದಲಿ ಆಗದು. ಸೇವೆಯಲ್ಲಿದ್ದಾಗ ಹಿಡಿದ ರೈಫಲ್ ಸರ್ಕಾರದ್ದು. ನಿವೃತ್ತಿಯ ನಂತರ ಮಾಜಿ ಯೋಧನೂ ಸಾಮಾನ್ಯ ನಾಗರಿಕನಂತೆಯೇ ಅರ್ಜಿ ಹಾಕಬೇಕು.

ಕಾವಲುಗಾರರು ಸೇನೆ ಅಥವಾ ಪೊಲೀಸರ ಸಮವಸ್ತ್ರ ಹೋಲುವ ಉಡುಪು ಧರಿಸುವುದೂ ಶಿಕ್ಷಾರ್ಹ. ಕಾಲೇಜು ನೇರವಾಗಿ ತನ್ನ ಸಂಬಳದ ಮೇಲೆ ನೇಮಿಸಿಕೊಂಡ ಕಾವಲುಗಾರರು ಈ ಏಜೆನ್ಸಿ ಕಾಯ್ದೆಯ ಚೌಕಟ್ಟಿಗೆ ನೇರವಾಗಿ ಬರುವುದಿಲ್ಲವಾದರೂ, ಶಸ್ತ್ರಾಸ್ತ್ರ ಕಾಯ್ದೆಯಿಂದ ಅವರಿಗೆ ವಿನಾಯಿತಿ ಇಲ್ಲ.

ಗಡಿ ದಾಟಿದರೆ?

ಪ್ರತಿ ಪರವಾನಗಿಯಲ್ಲೂ ಅದು ಅನ್ವಯಿಸುವ ಪ್ರದೇಶ ನಮೂದಾಗಿರುತ್ತದೆ. ಆಂಧ್ರಪ್ರದೇಶ ಮತ್ತು ತಮಿಳುನಾಡಿನ ಗಡಿಗೆ ಹೊಂದಿಕೊಂಡಿರುವ ಕೋಲಾರ ಜಿಲ್ಲೆಗೆ ಇದು ಮುಖ್ಯ. ಚಿತ್ತೂರು ಇಲ್ಲವೇ ಕೃಷ್ಣಗಿರಿ ಕಡೆಯಿಂದ ಕೆಲಸಕ್ಕೆ ಬರುವ ಕಾವಲುಗಾರನ ಪರವಾನಗಿ ಆ ಜಿಲ್ಲೆಗೆ ಅಥವಾ ಆ ರಾಜ್ಯಕ್ಕೆ ಸೀಮಿತವಾಗಿದ್ದರೆ ಮುಳಬಾಗಿಲಿನಲ್ಲಾಗಲೀ ಮಾಲೂರಿನಲ್ಲಾಗಲೀ ಅದು ನಡೆಯದು. ಕೋಲಾರದ ಪರವಾನಗಿ ಹಿಡಿದು ಪರೀಕ್ಷಾ ಪತ್ರಿಕೆ ಅಥವಾ ಹಣದ ಪೆಟ್ಟಿಗೆಯೊಂದಿಗೆ ಬೇರೆ ಜಿಲ್ಲೆಗೆ ತೆರಳುವವರೂ ಪ್ರದೇಶದ ಕಾಲಂ ನೋಡಿಕೊಳ್ಳುವುದು ಲೇಸು.

ಪಾಳಿ ಬದಲಾದಾಗ ಬಂದೂಕು ಎಲ್ಲಿ?

ರಾತ್ರಿ ಪಾಳಿಯ ಕಾವಲುಗಾರ ಬೆಳಗಿನವನ ಕೈಗೆ ಬಂದೂಕು ಕೊಟ್ಟು ಹೋಗುವುದು ಸರಳವಾಗಿ ಕಾಣುತ್ತದೆ. ಆದರೆ ಇಬ್ಬರ ಹೆಸರೂ ಪರವಾನಗಿಯಲ್ಲಿ ಇಲ್ಲದಿದ್ದರೆ ಅದು ಅಪರಾಧ. ದುರಸ್ತಿಗೆ ಅಥವಾ ಪರವಾನಗಿ ನವೀಕರಣಕ್ಕೆ ಪರವಾನಗಿದಾರನ ಲಿಖಿತ ಅಧಿಕಾರಪತ್ರದೊಂದಿಗೆ ಮತ್ತೊಬ್ಬ ಒಯ್ಯಬಹುದೆಂಬ ವಿನಾಯಿತಿಯನ್ನು 3ನೇ ಕಲಂ ನೀಡಿದೆ. ಕಾವಲು ಕಾಯಲು ಅಲ್ಲ.

ಬಂದೂಕು ಮತ್ತು ತೋಟಾಗಳನ್ನು ಬೇರೆ ಬೇರೆಯಾಗಿ ಬೀಗದಲ್ಲಿ ಇರಿಸುವುದು, ಪ್ರತಿ ಪಾಳಿಯಲ್ಲೂ ತೋಟಾಗಳ ಲೆಕ್ಕವನ್ನು ಪುಸ್ತಕದಲ್ಲಿ ಬರೆದು ಸಹಿ ಮಾಡುವುದು, ಕೀಲಿಕೈಯನ್ನು ಹೊಣೆಗಾರ ಅಧಿಕಾರಿಯೊಬ್ಬರ ಬಳಿ ಇರಿಸುವುದು ಕಡ್ಡಾಯವೆಂಬಂತೆ ಪಾಲಿಸಬೇಕಾದ ಕ್ರಮಗಳು. ಆಯುಧ ಕಳೆದುಹೋದರೆ ತಕ್ಷಣ ಠಾಣೆಗೆ ತಿಳಿಸಬೇಕು. ಚುನಾವಣೆಯ ಸಮಯದಲ್ಲಿ ಜಿಲ್ಲಾಡಳಿತ ಪರವಾನಗಿ ಬಂದೂಕುಗಳನ್ನು ಠಾಣೆಯಲ್ಲಿ ಠೇವಣಿ ಇರಿಸುವಂತೆ ಆದೇಶಿಸುವುದುಂಟು. ವಿನಾಯಿತಿ ಬೇಕಾದ ಸಂಸ್ಥೆಗಳು ಮುಂಚಿತವಾಗಿಯೇ ಅರ್ಜಿ ಸಲ್ಲಿಸಬೇಕು.

ಗುಂಡು ಹಾರಿಸುವ ಅಧಿಕಾರ ಇದೆಯೇ?

ಕಾವಲುಗಾರ ಪೊಲೀಸ್ ಅಲ್ಲ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಪ್ರಮಾಣವಚನ ಸ್ವೀಕರಿಸಿದ, ಬಂಧಿಸುವ ಅಧಿಕಾರವುಳ್ಳ ಕ್ಯಾಂಪಸ್ ಪೊಲೀಸರಿದ್ದಾರೆ. ನಮ್ಮಲ್ಲಿ ಖಾಸಗಿ ಕ್ಯಾಂಪಸ್ ಕಾವಲುಗಾರನಿಗೆ ಇರುವುದು ಸಾಮಾನ್ಯ ಪ್ರಜೆಗಿರುವ ಹಕ್ಕು ಮಾತ್ರ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳು ಖಾಸಗಿ ರಕ್ಷಣೆಯ ಹಕ್ಕನ್ನು ವಿವರಿಸುತ್ತವೆ. ರಕ್ಷಣೆಗೆ ಅಗತ್ಯವಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ; ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಈ ಹಕ್ಕು ಇಲ್ಲ. ಪ್ರತಿಭಟನೆ ನಡೆಸುವ ವಿದ್ಯಾರ್ಥಿಗಳನ್ನು ಚದುರಿಸಲು, ಗೋಡೆ ಹಾರಿ ಓಡುವವನನ್ನು ನಿಲ್ಲಿಸಲು, ಬೆದರಿಸಲು ಗಾಳಿಯಲ್ಲಿ ಗುಂಡು ಹಾರಿಸಲು ಕಾವಲುಗಾರನಿಗೆ ಬಂದೂಕು ಕೊಟ್ಟಿರುವುದಿಲ್ಲ. ನಿರ್ಲಕ್ಷ್ಯದಿಂದ ಅಥವಾ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡಕ್ಕೂ ಅವಕಾಶವಿದೆ.

ತನ್ನ ಕಣ್ಣೆದುರು ಜಾಮೀನುರಹಿತ, ಸಂಜ್ಞೇಯ ಅಪರಾಧ ಎಸಗಿದವನನ್ನು ಯಾವುದೇ ಪ್ರಜೆಯಂತೆ ಕಾವಲುಗಾರನೂ ಹಿಡಿಯಬಹುದು. ಆದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಪ್ರಕಾರ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು.

ಹೊಣೆ ಯಾರದು?

ಪರವಾನಗಿ ಇಲ್ಲದೆ ಬಂದೂಕು ಹೊಂದಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ 2ರಿಂದ 5 ವರ್ಷದವರೆಗೆ ಸೆರೆವಾಸ ಮತ್ತು ದಂಡ. ಪರವಾನಗಿಯ ಷರತ್ತು ಮುರಿದರೆ 30ನೇ ಕಲಂ ಅಡಿ 6 ತಿಂಗಳವರೆಗೆ ಸೆರೆವಾಸ ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಜೊತೆಗೆ ಪರವಾನಗಿ ಅಮಾನತು ಇಲ್ಲವೇ ರದ್ದಾಗಬಹುದು.

ಕಂಪನಿ ಅಥವಾ ಸಂಘದ ಹೆಸರಿನಲ್ಲಿ ಅಪರಾಧ ನಡೆದಾಗ ಆಗ ಉಸ್ತುವಾರಿ ಹೊತ್ತಿದ್ದವರೂ ಹೊಣೆಗಾರರೆಂದು 33ನೇ ಕಲಂ ಹೇಳುತ್ತದೆ. ಹಲವರ ಸ್ವಾಧೀನದಲ್ಲಿರುವ ಕಟ್ಟಡದಲ್ಲಿ ಅಕ್ರಮ ಆಯುಧ ಸಿಕ್ಕರೆ, ಅದು ಅಲ್ಲಿರುವುದು ಗೊತ್ತಿದ್ದವರೆಲ್ಲರನ್ನೂ 35ನೇ ಕಲಂ ಹೊಣೆಗಾರರನ್ನಾಗಿಸುತ್ತದೆ. 'ಏಜೆನ್ಸಿಯವರು ಕಳಿಸಿದರು, ನಾವು ನೋಡಲಿಲ್ಲ' ಎಂಬ ಸಮಜಾಯಿಷಿ ಪ್ರಾಂಶುಪಾಲರನ್ನಾಗಲೀ ಟ್ರಸ್ಟಿನ ಕಾರ್ಯದರ್ಶಿಯನ್ನಾಗಲೀ ಸುಲಭವಾಗಿ ಪಾರುಮಾಡದು.

ಬಂದೂಕಿಲ್ಲದೆಯೂ ಭದ್ರತೆ

ನಿಜವಾಗಿ ಗಂಭೀರ ಬೆದರಿಕೆ ಇರುವ ಸಂಸ್ಥೆಗಳಿಗೆ ಇನ್ನೊಂದು ದಾರಿ ಇದೆ. ಮುಂಬೈ ದಾಳಿಯ ನಂತರ 2009ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ಕೇಂದ್ರ ಕೈಗಾರಿಕಾ ಭದ್ರತಾ ಪಡೆ ವೆಚ್ಚ ಪಡೆದು ಖಾಸಗಿ ಸಂಸ್ಥೆಗಳಿಗೂ ರಕ್ಷಣೆ ಒದಗಿಸುವಂತಾಯಿತು. ಅದೇ ವರ್ಷ ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ಸಿಗೆ ಈ ಪಡೆ ನಿಯೋಜನೆಗೊಂಡಿತು. ರಾಜ್ಯದಲ್ಲಿ ಕರ್ನಾಟಕ ರಾಜ್ಯ ಕೈಗಾರಿಕಾ ಭದ್ರತಾ ಪಡೆಯೂ ಇದೆ. ಕೋಲ್ಕತ್ತದ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ 2024ರ ಆಗಸ್ಟ್‌ನಲ್ಲಿ ನಡೆದ ವೈದ್ಯೆಯ ಹತ್ಯೆಯ ಬಳಿಕ ಸುಪ್ರೀಂ ಕೋರ್ಟ್ ಸೂಚನೆಯಂತೆ ಅಲ್ಲಿ ನಿಂತದ್ದೂ ಕೇಂದ್ರ ಪಡೆಯೇ.

ಉಳಿದ ಬಹುಪಾಲು ಕ್ಯಾಂಪಸ್ಸುಗಳಿಗೆ ಬೇಕಾಗಿರುವುದು ಬೆಳಕಿರುವ ರಸ್ತೆ, ಕೆಲಸ ಮಾಡುವ ಕ್ಯಾಮೆರಾ, ಸಂದರ್ಶಕರ ದಾಖಲೆ, ಮಹಿಳಾ ಸಿಬ್ಬಂದಿ, ನೌಕರರ ಪೂರ್ವಾಪರ ಪರಿಶೀಲನೆ ಹಾಗೂ 112ಕ್ಕೆ ಕರೆ ಮಾಡಿದಾಗ ದಾರಿ ಹೇಳಬಲ್ಲ ಕಾವಲುಗಾರ. ಕಾಡುಗೋಡಿಯ ಪ್ರಕರಣದಲ್ಲಿ ಗೇಟಿನ ಬಂದೂಕು ಉಪಯೋಗಕ್ಕೆ ಬರುತ್ತಿರಲಿಲ್ಲ. ಒಳಗಿನ ತಪಾಸಣೆ ಬರುತ್ತಿತ್ತು.

ಪೋಷಕರು, ಆಡಳಿತ ಮಂಡಳಿಗಳು ಕೇಳಬೇಕಾದ ಪ್ರಶ್ನೆಗಳು

* ಏಜೆನ್ಸಿಗೆ 2005ರ ಕಾಯ್ದೆಯ ಪರವಾನಗಿ ಇದೆಯೇ? ಅದು ಕೋಲಾರ ಜಿಲ್ಲೆಗೆ ಅನ್ವಯಿಸುತ್ತದೆಯೇ?
* ಬಂದೂಕು ಯಾರ ಹೆಸರಿನಲ್ಲಿದೆ? ಧರಿಸಿದವನ ಹೆಸರು ಪರವಾನಗಿಯಲ್ಲಿ ಇದೆಯೇ?
* ವಿಶಿಷ್ಟ ಗುರುತಿನ ಸಂಖ್ಯೆ, ಅವಧಿ, ಪ್ರದೇಶ ಸರಿ ಇವೆಯೇ?
* ವಿದ್ಯಾಸಂಸ್ಥೆಯ ಆವರಣದಲ್ಲಿ ಧರಿಸಲು ಜಿಲ್ಲಾಧಿಕಾರಿಗಳ ಲಿಖಿತ ಅನುಮತಿ ಇದೆಯೇ?
* ಕಾವಲುಗಾರನಿಗೆ ಬಂದೂಕು ನಿರ್ವಹಣೆಯ ತರಬೇತಿ ಆಗಿದೆಯೇ?
* ಪಾಳಿ ಮುಗಿದ ಬಳಿಕ ಬಂದೂಕು, ತೋಟಾಗಳು ಎಲ್ಲಿರುತ್ತವೆ? ಕೀಲಿಕೈ ಯಾರ ಬಳಿ?

ಈ ಆರು ಪ್ರಶ್ನೆಗಳಲ್ಲಿ ಒಂದಕ್ಕಾದರೂ ತೃಪ್ತಿಕರ ಉತ್ತರ ಸಿಗದಿದ್ದರೆ ಆ ಬಂದೂಕನ್ನು ಅಂದೇ ಕಾವಲಿನಿಂದ ಹಿಂದೆ ಪಡೆದು, ಎಸ್ಪಿ ಕಚೇರಿ ಇಲ್ಲವೇ ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರಾಸ್ತ್ರ ಪರವಾನಗಿ ವಿಭಾಗವನ್ನು ಸಂಪರ್ಕಿಸುವುದು ಎಲ್ಲರ ದೃಷ್ಟಿಯಿಂದಲೂ ಕ್ಷೇಮಕರ.